ಹಡ್ಸನ್ ವೃತ್ತದ ಕಂಬ, ಕೋಟೆ ಬಾಗಿಲಿನ ಗೋರಿಗಳು

ಬೆಂಗಳೂರಿನ ನೃಪತುಂಗ ರಸ್ತೆಗೆ ಹಿಂದೆ ಸೆನೋಟಾಫ್ ರಸ್ತೆ ಎಂಬ ಹೆಸರಿತ್ತು. ಆ ಹೆಸರಿಗೆ ಕಾರಣವಾದ ಸೆನೋಟಾಫ್, ಅಂದರೆ ದೇಹ ಹೂಳದ ಸ್ಮಾರಕ ಸ್ತಂಭ, ಹಡ್ಸನ್ ವೃತ್ತದ ಬಳಿ, ಕಾರ್ಪೊರೇಷನ್ ಕಚೇರಿಯ ಆಸುಪಾಸಿನಲ್ಲಿ ನಿಂತಿತ್ತು. ಸುಮಾರು 35 ಅಡಿ ಎತ್ತರ, ಮೇಲಕ್ಕೆ ಹೋದಂತೆ ಸಣ್ಣಗಾಗುವ ಆಕಾರ. 1791ರಲ್ಲಿ ಟಿಪ್ಪುವಿನ ಕೈಯಲ್ಲಿದ್ದ ಬೆಂಗಳೂರನ್ನು ಮುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸತ್ತ ಅಧಿಕಾರಿಗಳ ನೆನಪಿಗೆ ಎತ್ತಿದ್ದು. 1964ರ ಅಕ್ಟೋಬರ್ 28ರಂದು ಕಾರ್ಪೊರೇಷನ್ ಅದನ್ನು ಕೆಡವಿಸಿತು. ಇಂದು ಆ ಭಾಗದಲ್ಲಿ ಜನ ಗುರುತು ಹಿಡಿಯುವುದು ಕೆಂಪೇಗೌಡರ ಪ್ರತಿಮೆಯನ್ನು.

ಕೆಡವಿದ್ದಕ್ಕೆ ನನ್ನ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯ ಎತ್ತಿದ ಕೂಡಲೇ ಬ್ರಿಟಿಷರ ಮೇಲೆ ಮಮತೆಯೇ ಎಂದು ಕೇಳುವವರಿದ್ದಾರೆ. ಊರನ್ನು ಸೂರೆ ಮಾಡಿದವರ ಸ್ತಂಭ ಊರಿನ ಆಡಳಿತ ನಡೆಯುವ ಜಾಗದಲ್ಲೇ ತಲೆಯೆತ್ತಿ ನಿಂತಿರುವುದು ಸ್ವತಂತ್ರ ದೇಶದ ಜನರಿಗೆ ಸಹಿಸಲಾಗದ ಮಾತು. ತೆಗೆಯುವ ಹಕ್ಕು ಊರಿಗಿತ್ತು. ಆದರೆ ಏನನ್ನು ತೆಗೆದೆವು, ಎಲ್ಲಿಂದ ತೆಗೆದೆವು, ಯಾಕೆ ತೆಗೆದೆವು ಎಂದು ಅದೇ ಜಾಗದಲ್ಲಿ ಬರೆದಿಡುವ ಕರ್ತವ್ಯವೂ ಊರಿಗಿತ್ತು. ಆ ಎರಡನೆಯ ಕೆಲಸ ಇನ್ನೂ ಬಾಕಿ ಇದೆ ಎಂಬುದೇ ನನ್ನ ವಾದ.

ಕಂಬ ಅಲ್ಲೇ ಏಕಿತ್ತು ಎಂದು ನೋಡೋಣ. ಪೇಟೆಯ ಸುತ್ತ ಆಗ ಮುಳ್ಳುಪೊದೆಯ ಬೇಲಿ, ಕಂದಕ, ಬಾಗಿಲುಗಳಿದ್ದವು. 1791ರ ಮಾರ್ಚ್ 7ರಂದು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಬಾಗಿಲು ಹೋದರೂ ಹೆಸರು ಉಳಿದಿದೆ, ಅಲ್ಲಿನ ಪೊಲೀಸ್ ಠಾಣೆ ಇವತ್ತಿಗೂ ಹಲಸೂರು ಗೇಟ್ ಠಾಣೆ. ಮದರಾಸ್ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತದ್ದು ಆ ಬಾಗಿಲಿನ ಕಾಳಗದಲ್ಲಿ. ಸಾಮಾನ್ಯ ಸಿಪಾಯಿಯಾಗಿ ಸೇರಿ ಆ ಹುದ್ದೆಯವರೆಗೆ ಏರಿದ್ದವನು ಅವನು. ಎರಡು ವಾರದ ನಂತರ, ಮಾರ್ಚ್ 21ರ ರಾತ್ರಿ ಬೆಳದಿಂಗಳಿನಲ್ಲಿ ಕೋಟೆ ಬಿತ್ತು. ಕೋಟೆ ಕಾದವರ ಕಡೆ ಸತ್ತವರ ಸಂಖ್ಯೆ ಸಾವಿರ ಮೀರಿತ್ತು ಎಂಬ ಲೆಕ್ಕ ಗೆದ್ದವರ ಬರಹಗಳಲ್ಲೇ ಸಿಗುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಹಡ್ಸನ್ ವೃತ್ತದಲ್ಲಿದ್ದದ್ದು ಸಮಾಧಿಯಲ್ಲ. ಅದರ ಕೆಳಗೆ ಯಾರನ್ನೂ ಹೂಳಿರಲಿಲ್ಲ. ಆ ಯುದ್ಧದಲ್ಲಿ ಸತ್ತ ಅಧಿಕಾರಿಗಳ ಗೋರಿಗಳು ಬೇರೆಯೇ ಕಡೆ, ಕೋಟೆಯ ಬಾಗಿಲಿನ ಹೊರಗೆ ಒಂದು ಪುಟ್ಟ ಸ್ಮಶಾನದಲ್ಲಿದ್ದವು. ಅದರ ಚಿತ್ರವೇ ನಮಗೆ ಸಿಗುತ್ತದೆ. ಸೈನ್ಯದ ಜೊತೆಗೆ ಬಂದಿದ್ದ ಕಲಾವಿದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ನೋಟಗಳ ಒಂದು ಪುಸ್ತಕ ತಂದ. ಅದರಲ್ಲಿ ಈ ಗೋರಿಗಳಿವೆ, ಹಿಂದೆ ಕೋಟೆಯ ಗೋಡೆ ಇದೆ, ಬಾಗಿಲಿದೆ. ಮೂರ್‌ಹೌಸ್ ಸಾಯುವ ದೃಶ್ಯವನ್ನು ಅವನೇ ದೊಡ್ಡ ತೈಲಚಿತ್ರವಾಗಿಯೂ ಬರೆದ. ಆ ಚಿತ್ರ ಇಂದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. 1912ರ ಹೊತ್ತಿಗೂ ಸ್ಮಶಾನ ಅಚ್ಚುಕಟ್ಟಾಗಿತ್ತೆಂದು ಪಾದ್ರಿ ಫ್ರಾಂಕ್ ಪೆನ್ನಿ ದಾಖಲಿಸಿದ್ದಾರೆ. ಸೈಪ್ರೆಸ್ ಮರಗಳು, ಗುಲಾಬಿ ಗಿಡಗಳು, ಮೈಸೂರು ಸರ್ಕಾರ ಕಟ್ಟಿಸಿಕೊಟ್ಟ ಗೋಡೆ ಮತ್ತು ಗೇಟು ಎಲ್ಲವೂ ಇದ್ದವು.

ಇಂದು ಅಲ್ಲಿ ಒಂದು ಗೋರಿಯೂ ಇಲ್ಲ. ಕೋಟೆಯನ್ನೇ ತುಂಡು ತುಂಡಾಗಿ ತೆಗೆದ ಮೇಲೆ ಉಳಿದದ್ದು ದೆಹಲಿ ಬಾಗಿಲಿನ ಭಾಗ ಮಾತ್ರ. ಕೋಟೆಯ ಚರ್ಚು ಜಾಗ ಬಿಟ್ಟು ಚಾಮರಾಜಪೇಟೆಗೆ ಹೋಗಿ ಸೇಂಟ್ ಲ್ಯೂಕ್ ಚರ್ಚಾಯಿತು. 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ ಬಂತು. ರಸ್ತೆಗಳು ಅಗಲವಾದವು, ಮಾರುಕಟ್ಟೆ ಬೆಳೆಯಿತು, ಬಸ್ಸುಗಳು ಬಂದವು. ಹೆರಿಗೆ ಆಸ್ಪತ್ರೆ ಬೇಕಿತ್ತು, ರಸ್ತೆಯೂ ಬೇಕಿತ್ತು. ಅದರ ಬಗ್ಗೆ ಕೊರಗುವುದು ಅರ್ಥವಿಲ್ಲದ್ದು. ಆದರೆ ಯಾರನ್ನೂ ಹೂಳದ ಕಂಬವನ್ನು ಕೆಡವಿದ ದಿನಾಂಕ ಸಮೇತ ನೆನಪಿಟ್ಟುಕೊಂಡು ಇವತ್ತಿಗೂ ವಾದಿಸುವ ನಾವು, ನಿಜವಾಗಿ ಮನುಷ್ಯರನ್ನು ಹೂತ ನೆಲದ ಮೇಲೆ ಸುಮ್ಮನೆ ನಡೆದಾಡುತ್ತಿದ್ದೇವೆ. ಸಮಾಧಿ ಎಂದರೆ ಸಮಾಧಿ. ಅದರೊಳಗಿರುವವನು ಯಾವ ಕಡೆಯಿಂದ ಗುಂಡು ಹಾರಿಸಿದ ಎಂಬುದರ ಮೇಲೆ ಅದರ ಮರ್ಯಾದೆ ನಿಲ್ಲಬಾರದು.

ಇದಕ್ಕೆ ನನ್ನ ಬಳಿ ಇರುವ ಸಾಕ್ಷಿ ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹಾದೂರ್ ಖಾನ್. ಎಪ್ಪತ್ತರ ಆಸುಪಾಸಿನ ಎತ್ತರದ ಆಳು, ಬಿಳಿ ಗಡ್ಡ ಸೊಂಟದವರೆಗೆ ಇಳಿದಿತ್ತು ಎಂದು ವರ್ಣಿಸಿರುವವರು ಅವನ ವೈರಿಗಳೇ. ಕೋಟೆ ಬಿದ್ದ ರಾತ್ರಿ ಅವನು ಕತ್ತಿ ಹಿಡಿದೇ ಸತ್ತ. ಕಾರ್ನ್‌ವಾಲಿಸ್ ಅವನ ದೇಹವನ್ನು ಒಪ್ಪಿಸಲು ಸಿದ್ಧನಿದ್ದಾನೆಂದು ಟಿಪ್ಪುವಿಗೆ ಹೇಳಿಕಳುಹಿಸಿದ. ಬಿದ್ದ ಜಾಗಕ್ಕಿಂತ ಒಳ್ಳೆಯ ಜಾಗ ಅವನಿಗಿಲ್ಲ, ಅಲ್ಲಿನ ಮುಸಲ್ಮಾನರೇ ಮಣ್ಣು ಮಾಡಲಿ ಎಂಬ ಅರ್ಥದ ಉತ್ತರ ಬಂತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, ಅವೆನ್ಯೂ ರಸ್ತೆ ಕೂಡುವ ಕಡೆ ಇರುವ ಪುಟ್ಟ ದರ್ಗಾ ಅವನದೆಂದು ನಂಬುತ್ತಾರೆ. ಸುತ್ತ ಆಟೋ, ಹೂವಿನ ಮೂಟೆ, ತಳ್ಳುಗಾಡಿಗಳ ನೂಕುನುಗ್ಗಲು. ಆದರೂ ಹಾದುಹೋಗುವವರು ಕೈಯೆತ್ತಿ ಪ್ರಾರ್ಥಿಸಿ ಮುಂದೆ ಹೋಗುತ್ತಾರೆ. ಯಾವ ಇಲಾಖೆಯ ಫಲಕಕ್ಕಿಂತಲೂ ಗಟ್ಟಿಯಾಗಿ ಆ ಸಮಾಧಿಯನ್ನು ಕಾದಿರುವುದು ಜನರ ಹರಕೆ. ಸೋತವನ ಗೋರಿ ಮಾರುಕಟ್ಟೆಯ ನಡುವೆ ಉಳಿದು, ಗೆದ್ದವರ ಗೋರಿಗಳು ಅಳಿದುಹೋದದ್ದು ಹೀಗೆ. ದೆಹಲಿ ಬಾಗಿಲಿನ ಬಳಿ ಗೋಡೆಯಲ್ಲಿ ಗೆದ್ದವರದೇ ಒಂದು ಕಲ್ಲು ಹಲಗೆ ಇನ್ನೂ ಇದೆ, 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರು ಆಕ್ರಮಣ ಮಾಡಿದರು ಎಂದು ಹೇಳುವಂಥದ್ದು. ಅದನ್ನು ಓದಿ ಯಾರೂ ಬ್ರಿಟಿಷರ ಭಕ್ತರಾಗಿಲ್ಲ. ಗೋಡೆ ಎಲ್ಲಿ ಒಡೆಯಿತು ಎಂದು ತಿಳಿದುಕೊಂಡಿದ್ದಾರೆ, ಅಷ್ಟೇ.

ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದನ್ನು ನಮಗೆ ಬ್ರಿಟಿಷರು ಕಲಿಸಬೇಕಾಗಿರಲಿಲ್ಲ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಸಾವಿನ ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರಿನ ಕಾಳಗದಲ್ಲಿ ಗಂಗರ ಕಾಲದ ನಾಯಕ ನಾಗತರನ ಮಗ ಬುಟ್ಟಣಸೆಟ್ಟಿ ಸತ್ತನೆಂದು ಹೇಳುತ್ತದೆ. ಅದೇ ಕಲ್ಲಿನಲ್ಲಿ ನಾಗತರನ ಮನೆಯ ಸೇವಕ ಪೆರ್ವೊಣಸೆಟ್ಟಿಯ ಹೆಸರೂ ಇದೆ. ಒಡೆಯನ ಮಗನಿಗೂ ಮನೆಯ ಸೇವಕನಿಗೂ ಒಂದೇ ಕಲ್ಲು. ಹಡ್ಸನ್ ವೃತ್ತದ ಕಂಬಕ್ಕೆ ಈ ದೊಡ್ಡತನ ಇರಲಿಲ್ಲ. ಕಾರ್ನ್‌ವಾಲಿಸನ ಸೈನ್ಯದಲ್ಲಿ ದೊಡ್ಡ ಭಾಗ ಈ ದೇಶದ ಸಿಪಾಯಿಗಳೇ ಆಗಿದ್ದರೂ ನೆನಪಿನ ಗೌರವ ಸಿಕ್ಕಿದ್ದು ಅಧಿಕಾರಿಗಳಿಗೆ. ಕಂಬದ ಮೇಲೆ ನಾವು ಹೊರಿಸಬೇಕಾದ ನಿಜವಾದ ದೂರು ಇದು.

2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಗೆ ನೆಲ ಅಗೆದಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ನಾಗರಿಕರು ಸೇರಿ ಅದನ್ನು ಉಳಿಸಿ, ಮಂಟಪ ಕಟ್ಟಿ ನಿಲ್ಲಿಸಿದರು. ನಮ್ಮ ಊರಿಗೆ ಈ ಶಕ್ತಿ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಹನ್ನೆರಡು ಶತಮಾನಗಳ ಹಿಂದಿನ ಕಿತ್ತಯ್ಯನನ್ನು ಮಣ್ಣಿನಿಂದ ಎತ್ತಿ ನಿಲ್ಲಿಸಬಲ್ಲವರಿಗೆ ಅರುವತ್ತು ವರ್ಷಗಳ ಹಿಂದೆ ನಾವೇ ಕೆಡವಿದ್ದರ ಬಗ್ಗೆ ನಾಲ್ಕು ಸಾಲು ಬರೆಯುವುದು ಕಷ್ಟದ ಕೆಲಸವೇ?

ಕಂಬವನ್ನು ಮತ್ತೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ದಯವಿಟ್ಟು ಕಟ್ಟಬೇಡಿ. ಹಡ್ಸನ್ ವೃತ್ತದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ಸಾಕು. ಇಲ್ಲಿ ಪೇಟೆಯ ಹಲಸೂರು ಬಾಗಿಲಿತ್ತು, 1791ರ ಮಾರ್ಚ್ 7ರಂದು ಇಲ್ಲಿ ಕಾಳಗ ನಡೆಯಿತು, ಗೆದ್ದವರ ನೆನಪಿಗೆ ಸ್ತಂಭ ನಿಂತಿತು, 1964ರಲ್ಲಿ ಈ ಊರು ಅದನ್ನು ತೆಗೆಯಿತು ಎಂದು ಮೊದಲು ಕನ್ನಡದಲ್ಲಿ ಬರೆಯಬೇಕು. ಪೇಟೆಯನ್ನೂ ಕೋಟೆಯನ್ನೂ ಕಾಯುತ್ತಾ ಸತ್ತ, ಹೆಸರು ಉಳಿಯದ ಜನರ ಮಾತು ಅದರಲ್ಲಿ ಮೊದಲ ಸಾಲಿನಲ್ಲೇ ಬರಬೇಕು. ಇನ್ನೊಂದು ಕಲ್ಲು ಕೋಟೆಯ ಬಳಿ, ಸ್ಮಶಾನವಿದ್ದ ಕಡೆ ಬೇಕು. ಜಾಗ ಗುರುತಿಸಲು ಹೋಮ್‌ನ ಚಿತ್ರ, ಹಳೆಯ ಸರ್ವೆ ನಕ್ಷೆಗಳು, ಚರ್ಚಿನ ಸಮಾಧಿ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಚಿತ್ರಕಾರ ಗೋರಿಯನ್ನು ಚೆಂದಕ್ಕಾಗಿ ಸ್ವಲ್ಪ ಆಚೀಚೆ ಸರಿಸಿರಬಹುದು, ಸರ್ವೆಯವನು ಸರಿಸುವುದಿಲ್ಲ. ಇತಿಹಾಸ ಓದುವ ಕಾಲೇಜು ಮಕ್ಕಳಿಗೆ ಒಪ್ಪಿಸಬಹುದಾದ, ಒಪ್ಪಿಸಲೇಬೇಕಾದ ಕೆಲಸ ಇದು.

ಒಂದು ಕೋರಿಕೆ. ಸೆನೋಟಾಫ್‌ನ ಚಿತ್ರವಿರುವ ಹಳೆಯ ಪೋಸ್ಟ್‌ಕಾರ್ಡುಗಳು ಸಿಗುತ್ತವೆ, ಆದರೆ ಅವು ದೂರದಿಂದ ತೆಗೆದವು, ಬರಹ ಓದಲು ಬರುವುದಿಲ್ಲ. ಪೇಟೆಯಲ್ಲೋ ಚಾಮರಾಜಪೇಟೆಯಲ್ಲೋ ಸಂಪಂಗಿರಾಮನಗರದಲ್ಲೋ ಹುಟ್ಟಿ ಬೆಳೆದವರ ಮನೆಯ ಆಲ್ಬಮ್ಮುಗಳಲ್ಲಿ 1964ಕ್ಕಿಂತ ಹಿಂದಿನ ಚಿತ್ರಗಳು ಖಂಡಿತ ಇರುತ್ತವೆ. ಅಜ್ಜನೋ ದೊಡ್ಡಪ್ಪನೋ ಸೈಕಲ್ ಹಿಡಿದು ಆ ಕಂಬದ ಕಟ್ಟೆಯ ಮುಂದೆ ನಿಂತಿರಬಹುದು. ಅಂಥ ಚಿತ್ರ ಕಂಡರೆ ಕಂಬದ ಬುಡ, ಅಲ್ಲಿನ ಬರಹ, ಹಿಂದೆ ಕಾಣುವ ಕಟ್ಟಡ ಎಲ್ಲವೂ ಸ್ಪಷ್ಟವಾಗಿ ಬರುವಂತೆ ಸ್ಕ್ಯಾನ್ ಮಾಡಿಸಿ. ಚಿತ್ರದ ಬೆನ್ನಿಗೆ ಬರೆದಿರುವ ಇಸವಿಯನ್ನೂ ಸ್ಟುಡಿಯೋದ ಮುದ್ರೆಯನ್ನೂ ಬಿಡಬೇಡಿ. ನನಗೆ ಕಳುಹಿಸಿ. ಮನೆಯ ಹಿರಿಯರಿಗೆ ಆ ಕಂಬದ ನೆನಪಿದ್ದರೆ ಅವರು ಹೇಳುವುದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಅದನ್ನೂ ಕಳುಹಿಸಿ. ಕೋಟೆಯ ಚರ್ಚಿನ ಕುಟುಂಬಗಳಿಗೆ ಸೇರಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹಿರಿಯರ ಪ್ರಾರ್ಥನಾ ಪುಸ್ತಕಗಳ ನಡುವೆ ಒಮ್ಮೆ ಹುಡುಕಿ ನೋಡಿ.