ಎಂಟನೆಯ ಅಡಿಗೆ ಯಾರ ಒಪ್ಪಿಗೆ ಬೇಕು?

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿರುವ ನಮ್ಮ ಮನೆಯ ಹಿತ್ತಿಲ ಬೇಲಿ ಕಳೆದ ಚಳಿಗಾಲದ ಮಳೆಗಾಳಿಗೆ ಪಕ್ಕದ ಮನೆಯತ್ತ ವಾಲಿಕೊಂಡಿತು. ರೆಡ್‌ವುಡ್ ಹಲಗೆಗಳು ಗಟ್ಟಿಯಾಗಿಯೇ ಇದ್ದವು. ಕಾಂಕ್ರೀಟಿನಲ್ಲಿ ಹೂತಿದ್ದ ಕಂಬಗಳು ಮಾತ್ರ ನೆಲಮಟ್ಟದಲ್ಲಿ ಕೊಳೆತು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದವು. ಹೇಗೂ ಖರ್ಚು ತಪ್ಪದು, ಈ ಸಲ ಎಂಟಡಿ ಎತ್ತರವೇ ಇರಲಿ ಎಂದು ಹೊರಟಾಗ ಊರಿನ ನಿಯಮಗಳನ್ನು ಓದಬೇಕಾಯಿತು. ಓದುತ್ತಾ ಹೋದಂತೆ, ಸ್ನೇಹಿತರು ವಾಸವಿರುವ ಪಾಲೊ ಆಲ್ಟೊದ ನಿಯಮಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ.

ಹಿತ್ತಿಲಲ್ಲಿ ಏಳಡಿಯವರೆಗೆ ಎರಡೂ ಊರುಗಳದ್ದು ಒಂದೇ ಲೆಕ್ಕ. ಅದನ್ನು ಮೀರಿದಾಗ ದಾರಿಗಳು ಕವಲೊಡೆಯುತ್ತವೆ. ಪಾಲೊ ಆಲ್ಟೊದಲ್ಲಿ ವಿನಾಯಿತಿ ಬೇಕಾದವರು ನಗರಾಡಳಿತದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಕ್ಯುಪರ್ಟಿನೊದಲ್ಲಿ ಎಂಟಡಿಯವರೆಗೆ ಏರಿಸಲು ಕಟ್ಟಡ ಪರವಾನಗಿಯ ಜೊತೆಗೆ, ಬೇಲಿಗೆ ಹೊಂದಿಕೊಂಡಿರುವ ಮನೆಗಳ ಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಮೊದಲು ಇದು ನನಗೆ ಕಿರಿಕಿರಿಯೆನಿಸಿತು. ನನ್ನ ಜಾಗ, ನನ್ನ ದುಡ್ಡು, ಇದರಲ್ಲಿ ಪಕ್ಕದವರ ಸಹಿಗೇನು ಕೆಲಸ ಎಂದುಕೊಂಡೆ.

ಆದರೂ ಹಿಂದಿನ ಮನೆಯ ಹಿರಿಯರ ಬಳಿ ಕಾಗದ ಹಿಡಿದು ಹೋದೆ. ಅವರು ಅಳತೆ ಟೇಪನ್ನು ನನ್ನ ಕೈಗಿತ್ತು ಎಂಟಡಿಗೆ ಎತ್ತಿ ಹಿಡಿಯಲು ಹೇಳಿ, ತಾವು ಹೋಗಿ ನಿಂಬೆ ಗಿಡದ ಪಕ್ಕ ನಿಂತರು. ಚಳಿಗಾಲದ ಸೂರ್ಯ ಎಷ್ಟು ತಗ್ಗಿನಲ್ಲಿ ಹಾಯುತ್ತಾನೆಂದು ಅವರು ಕೈಯಾಡಿಸಿ ತೋರಿಸಿದ ಮೇಲೆ ನನಗೆ ವಾದಿಸಲು ಬಾಯಿ ಬರಲಿಲ್ಲ. ಕೊನೆಗೆ ಆರಡಿ ಹಲಗೆ, ಅದರ ಮೇಲೆ ಒಂದಡಿ ಜಾಲರಿ ಎಂದು ತೀರ್ಮಾನವಾಯಿತು. ಎತ್ತರವನ್ನು ಅಳೆಯುವ ಅಧಿಕಾರಿಗೆ ಆ ನಿಂಬೆ ಗಿಡ ಕಾಣುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ; ಆದ್ದರಿಂದ ಈ ವಿಷಯದಲ್ಲಿ ನನ್ನ ಮತ ನಮ್ಮೂರಿಗೇ. ನೆರೆಯವರೊಡನೆ ಮಾತು ಬಿಟ್ಟವರಿಗೆ ಈ ನಿಯಮ ಕುತ್ತಿಗೆಗೆ ಬರುತ್ತದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಖರ್ಚಿನ ವಿಷಯದಲ್ಲಿ ಊರುಗಳ ನಡುವೆ ಭೇದವಿಲ್ಲ. 2014ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು, ಗಡಿಬೇಲಿಯ ಲಾಭ ಇಬ್ಬರಿಗೂ ಸಮಾನವೆಂದು ಭಾವಿಸಿ ವೆಚ್ಚವನ್ನು ಸಮಪಾಲು ಮಾಡುತ್ತದೆ. ಪಾಲು ಕೇಳುವವರು 30 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು.

ಮುಂದಿನ ಅಂಗಳಕ್ಕೆ ಬಂದರೆ ಮಾತ್ರ ನಾನು ಪಕ್ಷ ಬದಲಿಸುತ್ತೇನೆ. ಕ್ಯುಪರ್ಟಿನೊ ಅಲ್ಲಿ ಮೂರಡಿ ಎಂದರೆ ಪಾಲೊ ಆಲ್ಟೊ ನಾಲ್ಕಡಿ ಎನ್ನುತ್ತದೆ. ಮೂರಡಿಯ ಬೇಲಿಯನ್ನು ನಮ್ಮ ಬೀದಿಯ ನಾಯಿಗಳೆಲ್ಲ ಲೀಲಾಜಾಲವಾಗಿ ಹಾರುತ್ತವೆ, ನಾಲ್ಕು ವರ್ಷದ ಮಗುವೂ ಕಾಲಿಟ್ಟು ಹತ್ತುತ್ತದೆ. ಕಾರನ್ನು ಹಿಂದಕ್ಕೆ ತೆಗೆಯುವವರಿಗೆ ಪಾದಚಾರಿಗಳು ಕಾಣಬೇಕೆಂಬ ಕಾಳಜಿ ನ್ಯಾಯವಾದದ್ದೇ, ಆದರೆ ಅದಕ್ಕೆ ಎತ್ತರಕ್ಕಿಂತ ಸಂದು ಮುಖ್ಯ. ಭಾರತದ 2016ರ ಮಾದರಿ ಕಟ್ಟಡ ಉಪವಿಧಿಗಳು ಕಾಂಪೌಂಡ್ ಗೋಡೆಗೆ 1.5 ಮೀಟರ್ ಮಿತಿ ಹಾಕಿ, ಮೇಲಿನ 0.9 ಮೀಟರ್ ಕಂಬಿಯಂತೆ ತೆರೆದಿದ್ದರೆ 2.4 ಮೀಟರ್‌ವರೆಗೂ ಬಿಡುತ್ತವೆ. ಕ್ಯುಪರ್ಟಿನೊ ಕೂಡ ಹಲಗೆಗಳ ನಡುವೆ ಕೈ ತೂರುವಷ್ಟು ಸಂದು ಬಿಟ್ಟವರಿಗೆ ಆ ನಾಲ್ಕನೆಯ ಅಡಿಯನ್ನು ಕೊಡಲಿ ಎಂದು ನಗರಸಭೆಗೆ ಬರೆಯಲು ಕುಳಿತಿದ್ದೇನೆ.