ಸುಣ್ಣ ಹಾಕದ ಗೆರೆ

ದಾವಣಗೆರೆ ಕ್ರಿಕೆಟ್ ಊರು. ವೇಗದ ಬೌಲರ್ ಆರ್. ವಿನಯ್ ಕುಮಾರ್ ಇಲ್ಲಿಯವರು. ಅವರಿಗೆ ಸಿಕ್ಕ ಹೆಸರೇ ದಾವಣಗೆರೆ ಎಕ್ಸ್‌ಪ್ರೆಸ್. ಇಲ್ಲಿನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತ ಯಾರನ್ನಾದರೂ ಎಲ್‌ಬಿಡಬ್ಲ್ಯು ಅಂದ್ರೇನು ಅಂತ ಕೇಳಿ ನೋಡಿ. ಚೆಂಡು ಎಲ್ಲಿ ಬಿತ್ತು, ಪ್ಯಾಡಿಗೆ ಎಲ್ಲಿ ತಗುಲಿತು, ಬ್ಯಾಟ್ಸ್‌ಮನ್ ಆಡೋಕೆ ಹೋಗಿದ್ನಾ ಸುಮ್ನೆ ಕಾಲು ಕೊಟ್ನಾ, ಬಿಟ್ಟಿದ್ದರೆ ಸ್ಟಂಪಿಗೆ ಹೋಗ್ತಿತ್ತಾ, ಎಲ್ಲವನ್ನೂ ಮಿರ್ಚಿ ಕಚ್ಚುತ್ತಲೇ ಬಿಡಿಸಿ ಹೇಳುತ್ತಾರೆ. ಅದೇ ಬೆಂಚಿನಲ್ಲಿ ಫುಟ್‌ಬಾಲಿನ ಆಫ್‌ಸೈಡ್ ಬಗ್ಗೆ ಕೇಳಿದರೆ, "ಅದೆಲ್ಲ ರೆಫರಿ ಮನಸ್ಸಿಗೆ ಬಂದಂಗೆ ಬಿಡ್ರೀ" ಅನ್ನುತ್ತಾರೆ. ಎಲ್‌ಬಿಡಬ್ಲ್ಯು ಅರಗಿಸಿಕೊಂಡವರಿಗೆ ಆಫ್‌ಸೈಡ್ ಯಾವ ಲೆಕ್ಕ ಅನ್ನೋದು ನನ್ನ ವಾದ. ಈ ವಾದಕ್ಕೆ ನಮ್ಮ ಮನೆಯಲ್ಲೇ ಬೆಂಬಲ ಇಲ್ಲ.

ಫುಟ್‌ಬಾಲ್ ಮೈದಾನದಲ್ಲಿ ಎಲ್ಲ ಗೆರೆಗೂ ಸುಣ್ಣ ಹಾಕುತ್ತಾರೆ. ಬದಿಯ ಗೆರೆ, ಗೋಲಿನ ಗೆರೆ, ಮಧ್ಯದ ಗೆರೆ, ಪೆನಾಲ್ಟಿ ಬಾಕ್ಸು, ನಡುವಿನ ಸುತ್ತು. ಆದರೆ ಎಲ್ಲಕ್ಕಿಂತ ಜಾಸ್ತಿ ಜಗಳ ಹಚ್ಚುವ ಗೆರೆಗೆ ಮಾತ್ರ ಸುಣ್ಣವಿಲ್ಲ. ಅದಕ್ಕೆ ಒಂದು ಜಾಗವೂ ಇಲ್ಲ. ಅದು ಎದುರಾಳಿ ತಂಡದ ಒಬ್ಬ ಆಟಗಾರನ ಜೊತೆ ಓಡಾಡುತ್ತದೆ. ಅವನು ನಾಲ್ಕು ಹೆಜ್ಜೆ ಮುಂದೆ ಬಂದರೆ ಗೆರೆಯೂ ಬಂತು, ಹಿಂದೆ ಸರಿದರೆ ಗೆರೆಯೂ ಸರಿಯಿತು. ಆ ಒಬ್ಬ ಯಾರು? ಗೋಲಿನ ಕಡೆಯಿಂದ ಎಣಿಸಿದರೆ ಎರಡನೆಯವನು. ಮೊದಲನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಆದ್ದರಿಂದ ಎರಡನೆಯವನು, ಗೋಲು ಕಾಯಲು ಹಿಂದೆ ನಿಲ್ಲುವ ಡಿಫೆಂಡರ್‌ಗಳಲ್ಲಿ ಕೊನೆಯವನು. ತಂಡದ ಗೆಳೆಯ ಚೆಂಡು ಒದ್ದ ಆ ಕ್ಷಣಕ್ಕೆ ನೀವು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಮುಂದಿದ್ದು, ಈ ಎರಡನೆಯವನಿಗಿಂತಲೂ ಮುಂದಿದ್ದರೆ ನೀವು ಆಫ್‌ಸೈಡ್ ಜಾಗದಲ್ಲಿ ಇದ್ದೀರಿ. ಸಮಸಮ ಇದ್ದರೆ ತೊಂದರೆ ಇಲ್ಲ. ಈ ರಿಯಾಯಿತಿ ಬಂದದ್ದು 1990ರಲ್ಲಿ. ಕೈ ತೋಳು ಲೆಕ್ಕಕ್ಕಿಲ್ಲ, ತಲೆ, ಮೈ, ಕಾಲು ಮಾತ್ರ.

ಇಷ್ಟೇ ನಿಯಮ. ಹೇಳಲು ಒಂದು ನಿಮಿಷ ಸಾಕು. ಒಪ್ಪಿಸಲು ಮಾತ್ರ ಒಂದು ವಿಶ್ವಕಪ್ಪೇ ಬೇಕಾಯಿತು.

2022ರ ನವೆಂಬರ್ 22. ಅರ್ಜೆಂಟೀನಾಕ್ಕೂ ಸೌದಿ ಅರೇಬಿಯಾಕ್ಕೂ ಪಂದ್ಯ, ನಮ್ಮ ಸಮಯ ಮಧ್ಯಾಹ್ನ ಮೂರೂವರೆಗೆ. ಊಟ ಮುಗಿಸಿ ಮಲಗಬೇಕಿದ್ದ ನಮ್ಮ ಸೋದರಮಾವ ಮೆಸ್ಸಿಯ ಹೆಸರು ಕೇಳಿ ಟೀವಿ ಮುಂದೆ ಕೂತರು. ಮೆಸ್ಸಿ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದರು, ಮಾವ ಖುಷಿಯಾದರು. ಆಮೇಲೆ ಮೊದಲ ಅರ್ಧದಲ್ಲೇ ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಹಾಕಿತು. ಒಂದು ಸಲ ಮೆಸ್ಸಿ, ಎರಡು ಸಲ ಲೌಟಾರೊ ಮಾರ್ಟಿನೆಜ್. ಮೂರೂ ಆಫ್‌ಸೈಡ್ ಎಂದು ರದ್ದಾದವು. ಮಾವನಿಗೆ ಸಿಟ್ಟು ಬಂತು.

"ಅಲ್ಲವ್ವಾ, ಗೋಲು ಹೊಡೀಬೇಕಂದ್ರೆ ಮುಂದೆ ಹೋಗ್ಬೇಕು. ಮುಂದೆ ಹೋದ್ರೆ ತಪ್ಪು ಅಂತೀಯ. ಹಿಂಗಾದ್ರೆ ಆಡೋದು ಹೆಂಗೆ?"

"ಮುಂದೆ ಹೋಗ್ಬಹುದು ಮಾವ. ಈ ಕಡೆಯವನು ಚೆಂಡು ಒದೆಯೋ ಹೊತ್ತಿಗೆ ಮುಂದೆ ಇರಬಾರದು, ಅಷ್ಟೇ."

"ಇವನು ಯಾವಾಗ ಒದೀತಾನೆ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?"

ಮಾವ ಸಿಟ್ಟಿನಲ್ಲೇ ಕೇಳಿದರು. ಆದರೆ ಆಫ್‌ಸೈಡಿನ ಇಡೀ ಸ್ವಾರಸ್ಯ ಇರೋದು ಆ ಪ್ರಶ್ನೆಯಲ್ಲೇ. ನಿಮ್ಮ ಓಟ ಸರಿಯೋ ತಪ್ಪೋ ಎಂದು ಹೇಳುವುದು ಇನ್ನೊಬ್ಬನ ಕಾಲು. ಅವನು ಮೂವತ್ತು ಮೀಟರ್ ದೂರದಲ್ಲಿದ್ದಾನೆ. ನಿಮ್ಮ ಬೆನ್ನಿಗೆ ಅಂಟಿಕೊಂಡು ಒಬ್ಬ ಡಿಫೆಂಡರ್ ಇದ್ದಾನೆ. ಅರ್ಧ ಸೆಕೆಂಡು ಮೊದಲು ಹೊರಟರೆ ಬದಿಯ ಗೆರೆಯಲ್ಲಿ ನಿಂತ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ, ಅರ್ಧ ಸೆಕೆಂಡು ತಡವಾದರೆ ಚೆಂಡು ಗೋಲ್‌ಕೀಪರ್ ಕೈಗೆ.

ಸೌದಿಯವರು ಆವತ್ತು ಮಾಡಿದ್ದು ಇಷ್ಟೇ. ಅವರ ಕೋಚ್ ಹರ್ವೆ ರೆನಾರ್ ಡಿಫೆಂಡರ್‌ಗಳನ್ನು ಗೋಲಿನಿಂದ ತುಂಬಾ ಮುಂದಕ್ಕೆ, ಮಧ್ಯದ ಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸಿದ್ದರು. ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ನೋಡಿದರೆ ಹುಚ್ಚು ಸಾಹಸ. ಅರ್ಜೆಂಟೀನಾದವರು ಖಾಲಿ ಜಾಗ ಕಂಡು ಆತುರಪಟ್ಟರು, ಮೊದಲ ಅರ್ಧದಲ್ಲೇ ಏಳು ಸಲ ಆಫ್‌ಸೈಡ್ ಆದರು. ಎರಡನೇ ಅರ್ಧದಲ್ಲಿ ಸೌದಿ ಐದೇ ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದು ಗೆದ್ದೇಬಿಟ್ಟಿತು. ಕಪ್ ಕೊನೆಗೆ ಅರ್ಜೆಂಟೀನಾಕ್ಕೇ ಹೋಯಿತು ಅನ್ನೋದು ಬೇರೆ ಮಾತು. ಮಾವ ಆವತ್ತು ಸಂಜೆಯ ಟೀಯನ್ನೂ ಸಿಟ್ಟಿನಲ್ಲೇ ಕುಡಿದರು.

ಈ ನಿಯಮ ಯಾಕೆ ಬೇಕು ಅಂತ ತಿಳಿಯಬೇಕಾದರೆ ಭಾನುವಾರ ಬೆಳಿಗ್ಗೆ ಇಲ್ಲಿನ ಹೈಸ್ಕೂಲ್ ಮೈದಾನದ ಕಡೆ ಹೋಗಬೇಕು. ಟೆನಿಸ್ ಬಾಲ್ ಕ್ರಿಕೆಟ್ಟಿನ ಮೂರು ನಾಲ್ಕು ಪಂದ್ಯ ಒಂದರ ಮೇಲೊಂದು ನಡೆಯುತ್ತಿರುವಾಗ ಒಂದು ಮೂಲೆಯಲ್ಲಿ ಹಾಸ್ಟೆಲ್ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಲೈನ್ಸ್‌ಮನ್ ಇಲ್ಲ, ಆಫ್‌ಸೈಡೂ ಇಲ್ಲ. ಹಾಗಾಗಿ ಪ್ರತಿ ತಂಡದಲ್ಲೂ ಒಬ್ಬ ಮಹಾಶಯ ಎದುರಾಳಿಯ ಗೋಲಿನ ಬಾಯಲ್ಲೇ ಠಿಕಾಣಿ ಹೂಡಿರುತ್ತಾನೆ. ಗೋಲ್‌ಕೀಪರ್ ಜೊತೆ ಪರೀಕ್ಷೆಯ ವಿಷಯ ಮಾತಾಡುತ್ತಾನೆ, ಮೊಬೈಲ್ ನೋಡುತ್ತಾನೆ. ಚೆಂಡು ಹಾರಿ ಬಂದಾಗ ಒಂದು ಕಾಲು ಚಾಚುತ್ತಾನೆ. ಗೋಲು! ಉಳಿದವರು ಬೆವರು ಸುರಿಸಿದ್ದು ಅಲ್ಲಿಗೆ ಮುಗಿಯಿತು. 150 ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಕೂತು ನಿಯಮ ಬರೆದವರು ತಡೆಯಲು ಹೊರಟದ್ದು ಈ ಮಹಾಶಯನನ್ನೇ.

ಅವರು ಶುರುವಿನಲ್ಲಿ ಸ್ವಲ್ಪ ಅತಿಯಾಗಿಯೇ ತಡೆದರು. 1863ರ ನಿಯಮದಲ್ಲಿ ಚೆಂಡಿಗಿಂತ ಮುಂದಿದ್ದವನು ಯಾರೇ ಆಗಲಿ ಆಫ್‌ಸೈಡ್. ಅಂದರೆ ಮುಂದಕ್ಕೆ ಪಾಸ್ ಕೊಡುವ ಹಾಗೇ ಇಲ್ಲ. 1866ರಲ್ಲಿ ಕೊಂಚ ಸಡಿಲಿಸಿ, ಎದುರಿಗೆ ಮೂವರು ಎದುರಾಳಿಗಳಿದ್ದರೆ ಸಾಕು ಅಂದರು. ಈ ಮೂವರ ಲೆಕ್ಕ ಡಿಫೆಂಡರ್‌ಗಳಿಗೆ ವರವಾಯಿತು. ಗೋಲ್‌ಕೀಪರ್ ಜೊತೆ ಹಿಂದೆ ಇಬ್ಬರಿರುವಾಗ ಆ ಇಬ್ಬರಲ್ಲಿ ಒಬ್ಬ ಮುಂದೆ ನಡೆದರೂ ಸಾಕಿತ್ತು, ಎದುರಾಳಿಯ ಫಾರ್ವರ್ಡ್ ಸಿಕ್ಕಿಬಿದ್ದ. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕನ್ ಇದರಲ್ಲಿ ಎಷ್ಟು ಪಳಗಿದರು ಅಂದರೆ ಜನ ಬೇಸತ್ತು ಹೋದರು. ಕೊನೆಗೆ 1925ರಲ್ಲಿ ಮೂವರನ್ನು ಇಬ್ಬರು ಮಾಡಿದರು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಹಿಂದಿನ ವರ್ಷ 1,192 ಗೋಲು ಬಿದ್ದಿದ್ದವು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703. ಆಮೇಲೆ ಆರ್ಸೆನಲ್‌ನ ಹರ್ಬರ್ಟ್ ಚಾಪ್ಮನ್ ಮಧ್ಯದ ಆಟಗಾರನೊಬ್ಬನನ್ನು ಹಿಂದಕ್ಕೆ ಎಳೆದು ಮೂರನೇ ಡಿಫೆಂಡರ್ ಮಾಡಿದರು, ಉಳಿದವರೂ ಅದನ್ನೇ ಕಲಿತರು.

ಇನ್ನೊಂದು ವಿಷಯ ಮಾವನಿಗೆ ಬಹಳ ದಿನ ತಲೆಗೆ ಹತ್ತಲಿಲ್ಲ. ಆಫ್‌ಸೈಡ್ ಜಾಗದಲ್ಲಿ ಸುಮ್ನೆ ನಿಂತಿರುವುದು ತಪ್ಪಲ್ಲ. ನಾನು ಕೊನೆಗೆ ಕಲ್ಯಾಣ ಮಂಟಪದ ಊಟ ತೋರಿಸಿಯೇ ಹೇಳಬೇಕಾಯಿತು. ಎರಡನೇ ಪಂಕ್ತಿಗೆ ಕಾಯುವವರು ಉಣ್ಣುವವರ ಕುರ್ಚಿಯ ಹಿಂದೆಯೇ ಬಂದು ನಿಲ್ಲುತ್ತಾರಲ್ಲ, ನಿಂತದ್ದಕ್ಕೆ ಯಾರೂ ಬೈಯುವುದಿಲ್ಲ. ಆದರೆ ಉಣ್ಣುವವರು ಏಳುವ ಮುಂಚೆಯೇ ಕುರ್ಚಿಗೆ ಕೈ ಹಾಕಿದರೆ ತಪ್ಪು. ಕೈ ಹಾಕದೆ, "ನಿಮಗಿನ್ನು ಹೋಳಿಗೆ ಬೇಡ ಅಲ್ವಾ?" ಅಂತ ಕಿವಿಯ ಹತ್ತಿರ ಕೇಳಿ ಊಟ ಕೆಡಿಸಿದರೂ ತಪ್ಪೇ. ಹಾಗೆಯೇ ಇಲ್ಲಿ. ಆ ಜಾಗದಲ್ಲಿರುವವನು ಚೆಂಡು ಮುಟ್ಟಿದರೆ, ಗೋಲ್‌ಕೀಪರ್ ಕಣ್ಣಿಗೆ ಅಡ್ಡ ನಿಂತೋ ಬೇರೆ ರೀತಿಯಲ್ಲೋ ಎದುರಾಳಿಯ ಆಟಕ್ಕೆ ಅಡ್ಡಿ ಮಾಡಿದರೆ, ಕಂಬಕ್ಕೆ ಬಡಿದು ವಾಪಸ್ ಬಂದ ಚೆಂಡಿನ ಲಾಭ ತಗೊಂಡರೆ ಮಾತ್ರ ಶಿಕ್ಷೆ. ಮಾವ ಒಪ್ಪಿದರು. "ಹಂಗಾದ್ರೆ ನಿಮ್ಮತ್ತೆ ಪ್ರತಿ ಮದುವೇಲೂ ಆಫ್‌ಸೈಡ್" ಅಂದರು.

ಈ ಸಂದಿನಿಂದಲೇ, ಗೋಲು ಹೊಡೆಯಲು ಮುಂದೆ ಆಡುವ ಸ್ಟ್ರೈಕರ್‌ಗಳ ಚಾಣಾಕ್ಷತನ ಶುರುವಾಗುತ್ತದೆ. ಬೇಕಂತಲೇ ಒಬ್ಬ ಆಫ್‌ಸೈಡ್ ಜಾಗದಲ್ಲಿ ನಿಂತು ಡಿಫೆಂಡರ್‌ಗಳ ಕಣ್ಣು ಸೆಳೆಯುತ್ತಾನೆ. ಚೆಂಡು ಅವನಿಗಲ್ಲ. ಹಿಂದಿನಿಂದ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಮಿಡ್‌ಫೀಲ್ಡರ್ ಒಬ್ಬ ಓಡಿ ಬಂದು ಅದನ್ನು ಹಿಡಿಯುತ್ತಾನೆ. ಡಿಫೆಂಡರ್‌ಗಳು ಕೈ ಎತ್ತಿ ಲೈನ್ಸ್‌ಮನ್ ಕಡೆ ನೋಡುತ್ತಾ ನಿಂತಿರುತ್ತಾರೆ. ನನ್ನ ಪ್ರಕಾರ ಫುಟ್‌ಬಾಲಿನಲ್ಲಿ ಅತಿ ತಮಾಷೆಯ ನೋಟ ಅದು. ನಾಲ್ಕು ಜನ ಗಟ್ಟಿ ಆಳುಗಳು ಓಡೋದು ಬಿಟ್ಟು ಕೈ ಎತ್ತಿ ನಿಲ್ಲುವುದು.

ಇನ್ನು ಬಾಗಿದ ಓಟ. ನೇರವಾಗಿ ಗೋಲಿನ ಕಡೆ ಓಡಿದರೆ ಎರಡೇ ಹೆಜ್ಜೆಗೆ ಗೆರೆ ದಾಟಿ ಹೋಗುತ್ತೀರಿ. ಅದಕ್ಕೇ ಜಾಣ ಸ್ಟ್ರೈಕರ್ ಮೊದಲು ಗೆರೆಯ ಉದ್ದಕ್ಕೇ ಅಡ್ಡ ಓಡುತ್ತಾನೆ. ವೇಗ ಬಂದಿರುತ್ತದೆ, ಆದರೆ ಮುಂದಕ್ಕೆ ಹೋಗಿರುವುದಿಲ್ಲ. ಪಾಸ್ ಕೊಡುವವನ ಕಾಲು ಚೆಂಡಿನ ಕಡೆ ಬೀಸುವುದು ಕಂಡ ಕೂಡಲೇ ಒಳಕ್ಕೆ ತಿರುಗುತ್ತಾನೆ. ಡಿಫೆಂಡರ್ ನಿಂತ ಕಾಲಲ್ಲಿ ತಿರುಗಿ ಓಟ ಶುರು ಮಾಡಬೇಕು, ಇವನು ಆಗಲೇ ಓಡುತ್ತಿದ್ದಾನೆ. ಇಬ್ಬರ ನಡುವೆ ಅಲ್ಲಿಗೆ ಎರಡು ಮೀಟರ್ ಅಂತರ ಬಿತ್ತು. ಜೊತೆಗೆ ಇವನು ನಿಲ್ಲುವ ಜಾಗವೂ ಡಿಫೆಂಡರ್‌ನ ಬೆನ್ನ ಹಿಂದೆಯೇ. ಡಿಫೆಂಡರ್ ಚೆಂಡು ನೋಡಿದರೆ ಇವನು ಕಾಣುವುದಿಲ್ಲ, ಇವನನ್ನು ನೋಡಿದರೆ ಚೆಂಡು ಕಾಣುವುದಿಲ್ಲ.

ಇದರಲ್ಲಿ ಇಟಲಿಯ ಫಿಲಿಪ್ಪೊ ಇನ್ಜಾಗಿಯನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆತ ಆಫ್‌ಸೈಡಿನಲ್ಲೇ ಹುಟ್ಟಿದವನು ಅಂತ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತಿದೆ. ಇನ್ಜಾಗಿ ಭಾರಿ ವೇಗಿ ಅಲ್ಲ, ಗಟ್ಟಿ ಮೈಯವರೂ ಅಲ್ಲ, ನಾಲ್ವರನ್ನು ದಾಟಿಸಿಕೊಂಡು ಹೋಗುವ ಕಾಲುಚಳಕವೂ ಇರಲಿಲ್ಲ. ಗೆರೆಯ ಮೇಲೆ ಬದುಕುವುದು ಗೊತ್ತಿತ್ತು. 2007ರ ಚಾಂಪಿಯನ್ಸ್ ಲೀಗ್ ಫೈನಲ್, ಅಥೆನ್ಸ್‌ನಲ್ಲಿ, ಎದುರಿಗೆ ಲಿವರ್‌ಪೂಲ್. 82ನೇ ನಿಮಿಷದಲ್ಲಿ ತಂಡದ ಗೆಳೆಯ ಕಾಕಾ ಕಾಲಿನಿಂದ ಚೆಂಡು ಹೊರಟ ಕ್ಷಣಕ್ಕೇ ಇನ್ಜಾಗಿ ಹೊರಟರು. ಗೋಲ್‌ಕೀಪರನ್ನು ಸುತ್ತಿ ಚೆಂಡು ತಳ್ಳಿದರು. ಮಿಲಾನ್ ಎರಡಕ್ಕೆ ಒಂದರಿಂದ ಗೆದ್ದಿತು, ಎರಡೂ ಇವರದೇ ಗೋಲು. ಇಂಥವರಿಗೆ ಹತ್ತು ಸಲ ಬಾವುಟ ಎದ್ದರೆ ಏನೂ ನಷ್ಟವಿಲ್ಲ. ಹನ್ನೊಂದನೇ ಸಲ ಏಳದಿದ್ದರೆ ಸಾಕು. ಡಿಫೆಂಡರ್‌ಗೆ ಆ ಭಾಗ್ಯ ಇಲ್ಲ, ಅವನು ಹನ್ನೊಂದು ಸಲವೂ ಸರಿ ಇರಬೇಕು.

ಗೆರೆಯ ಗೊಡವೆಯೇ ಬೇಡ ಅನ್ನುವವರಿಗೂ ದಾರಿಗಳಿವೆ. ಥ್ರೋ, ಗೋಲ್ ಕಿಕ್, ಕಾರ್ನರ್, ಈ ಮೂರರಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಚೆಂಡಿಗಿಂತ ಹಿಂದಿದ್ದರೂ ಇಲ್ಲ. ಅದಕ್ಕೇ ಬದಿಯಲ್ಲಿ ಆಡುವ ವಿಂಗರ್‌ಗಳು ಗೋಲಿನ ಗೆರೆಯವರೆಗೆ ಚೆಂಡು ಕೊಂಡೊಯ್ದು ಅಲ್ಲಿಂದ ಹಿಂದಕ್ಕೆ ಕೊಡುತ್ತಾರೆ. ಬಾಕ್ಸಿನೊಳಗೆ ಯಾರು ಎಲ್ಲಿದ್ದರೂ ಚೆಂಡಿನ ಹಿಂದೆಯೇ ಇರುತ್ತಾರೆ. ಇನ್ನು ಪಾಸೇ ಬೇಡ, ನಾನೇ ತಗೊಂಡು ಹೋಗ್ತೀನಿ ಅನ್ನುವವನನ್ನು ಈ ನಿಯಮ ಮುಟ್ಟುವ ಹಾಗೇ ಇಲ್ಲ. 1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಹೊಡೆದ ಎರಡನೇ ಗೋಲು ಅಂಥದ್ದು. ಮರಡೋನಾ ಆಗಿದ್ದರೆ ಇದೇ ಸುಲಭದ ದಾರಿ.

ಪಾಪ ಅನ್ನಿಸುವುದು ಲೈನ್ಸ್‌ಮನ್ ಬಗ್ಗೆ. ಪಾಸ್ ಕೊಡುವವನ ಕಾಲನ್ನೂ ಎಷ್ಟೋ ದೂರದ ಸ್ಟ್ರೈಕರ್ ಭುಜವನ್ನೂ ಒಂದೇ ಕ್ಷಣ ನೋಡಬೇಕು. ಅದಕ್ಕೆ ಊಸರವಳ್ಳಿಯ ಹಾಗೆ ಎರಡು ಕಣ್ಣು ಎರಡು ಕಡೆ ಹೋಗಬೇಕು. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ. 2022ರ ವಿಶ್ವಕಪ್‌ನಲ್ಲಿ ಚಾವಣಿಗೆ 12 ಕ್ಯಾಮೆರಾ ಹಾಕಿ, ಒಬ್ಬೊಬ್ಬ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತು ಹಾಕಿಕೊಂಡರು. ಚೆಂಡಿನೊಳಗೂ ಸೆನ್ಸರ್, ಅದು ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತಿತ್ತು. ನ್ಯಾಯ ಸಿಕ್ಕಿತು, ಸರಿ. ಆದರೆ ಒಂದು ಕಾಲ್ಬೆರಳಿನ ಉಗುರು ಮುಂದಿತ್ತು ಅಂತ ಒಳ್ಳೇ ಗೋಲೊಂದು ಅಳಿಸಿ ಹೋದಾಗ ಹೊಟ್ಟೆ ಉರಿಯುತ್ತದೆ. ಗೋಲು ಬಿದ್ದ ಕೂಡಲೇ ಕುಣಿಯುವ ಅಭ್ಯಾಸವನ್ನೇ ಮಾವ ಬಿಟ್ಟಿದ್ದಾರೆ. "ತಡಿಯವ್ವಾ, ಇನ್ನೂ ಗೆರೆ ಎಳೀಲಿ" ಅಂತಾರೆ.

ಆರ್ಸೆನಲ್‌ನ ಹಳೇ ಕೋಚ್ ಆರ್ಸೆನ್ ವೆಂಗರ್ ಹೇಳುವುದೇ ಬೇರೆ. ಸ್ಟ್ರೈಕರ್ ಮೈಯ ಯಾವುದಾದರೂ ಒಂದು ಭಾಗ ಡಿಫೆಂಡರ್‌ಗೆ ಸಮವಾಗಿದ್ದರೂ ಸಾಕು, ಆಡಲು ಬಿಡಿ ಅನ್ನುವುದು ಅವರ ಸಲಹೆ. ಹಿಂದಿನ ಕಾಲಿನ ಹಿಮ್ಮಡಿ ಗೆರೆಯ ಮೇಲಿದ್ದರೆ ಸಾಕು, ಉಳಿದ ಮೈಯೆಲ್ಲ ಮುಂದಿರಬಹುದು. ಮಾವನಿಗೆ ಇದು ತುಂಬಾ ಹಿಡಿಸಿದೆ. ನನಗೆ ಅಷ್ಟಾಗಿ ಇಲ್ಲ. ಎರಡು ವರ್ಷ ಗೋಲು ಜಾಸ್ತಿ ಆಗಬಹುದು, 1925ರಲ್ಲಿ ಆದ ಹಾಗೆ. ಆಮೇಲೆ ಡಿಫೆಂಡರ್‌ಗಳು ಇನ್ನೂ ಹದಿನೈದು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾರೆ. ಬೆನ್ನ ಹಿಂದೆ ಓಡಲು ಖಾಲಿ ಜಾಗವೇ ಇಲ್ಲದ ಮೇಲೆ ಇನ್ಜಾಗಿಯಂಥವರು ಎಲ್ಲಿಗೆ ಓಡಬೇಕು?