ಭಾವನ ಲ್ಯಾಪ್‌ಟಾಪಿಗೆ ಎಎಂಡಿ ಆಗುವುದಿಲ್ಲ

ಹೆಸರಿಡುವವರ ಮೇಲೆ ನನಗೀಗ ಸಿಟ್ಟು ಬಂದಿದೆ. ಮಕ್ಕಳಿಗಲ್ಲ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ಪುಗಳಿಗೆ ಹೆಸರಿಡುವವರ ಮೇಲೆ.

ಶಿರಸಿ ಕಡೆಯ ನಮ್ಮ ಹಳ್ಳಿಯಲ್ಲಿ ಐದಾರು ಜಿಬಿ ಫೈಲು ಇಳಿಸುವುದು ಸುಮ್ನೆ ಮಾತಲ್ಲ. ಮಳೆಗಾಲದಲ್ಲಿ ಕರೆಂಟು ಇದ್ದಾಗ ನೆಟ್ ಇರುವುದಿಲ್ಲ, ನೆಟ್ ಬಂದಾಗ ಕರೆಂಟು ಇರುವುದಿಲ್ಲ. ಅಂಥದ್ದರಲ್ಲಿ ಭಾವನ ಹಳೇ ಲ್ಯಾಪ್‌ಟಾಪಿಗೆ ಹಾಕೋಣ ಅಂತ ರಾತ್ರಿಯಿಡೀ ಕಾದು, ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಇಳಿಸಿ, ಪೆನ್‌ಡ್ರೈವಿಗೆ ತುಂಬಿಕೊಂಡು ಹೋದೆ. ಭಾವ ಕನ್ನಡಕ ಏರಿಸಿ ಫೈಲಿನ ಹೆಸರು ಓದಿದರು. ಕೊನೆಗೆ ‘ಎಎಂಡಿ64’ ಅಂತಿತ್ತು. ಲ್ಯಾಪ್‌ಟಾಪಿನ ಚಿಪ್ಪು ಇಂಟೆಲ್ ಕಂಪನಿಯದು, ಎಎಂಡಿ ಅದರ ಎದುರಾಳಿ ಕಂಪನಿ.

“ಇದು ನಮ್ದಲ್ಲ ತಮಾ.”

ಭಾವನಿಗೆ ಲೇಬಲ್ ಓದುವ ಚಟ. ಗೊಬ್ಬರದ ಚೀಲವಿರಲಿ, ಮೈಲುತುತ್ತದ ಪೊಟ್ಟಣವಿರಲಿ, ಪೂರ್ತಿ ಓದದೆ ಬಿಚ್ಚುವವರಲ್ಲ. ಲ್ಯಾಪ್‌ಟಾಪಿನ ಇಂಟೆಲ್ ಸ್ಟಿಕ್ಕರನ್ನಂತೂ ಪಂಚೆಯ ತುದಿಯಲ್ಲಿ ದಿನಾ ಒರೆಸುತ್ತಾರೆ. ಅದು ಮಗಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು. ಈಗ ಅವಳ ಮುಖ ಕಾಣುವುದೂ ಅದರಲ್ಲೇ, ಭಾನುವಾರ ಸಂಜೆ, ನೆಟ್ ಇದ್ದರೆ.

64 ಬಿಟ್‌ನ ಈ ವಿದ್ಯೆಯನ್ನು ಮೊದಲು ಮಾಡಿದ್ದು ಎಎಂಡಿ, 2003ರಲ್ಲಿ ಚಿಪ್ ತಂದಿತು, ಮರುವರ್ಷ ಇಂಟೆಲ್ ಕೂಡ ಅದನ್ನೇ ತೆಗೆದುಕೊಂಡಿತು, ಹಾಗಾಗಿ ಎರಡಕ್ಕೂ ಇದೇ ಫೈಲು ಅಂತ ವಿವರಿಸಿದೆ. ಭಾವ ತಣ್ಣಗೆ ಕೇಳಿದರು: “ರಾಶಿ ಅಡಿಕೆಯನ್ನ ಮೊದಲು ಬೇಯಿಸಿದವನ ಹೆಸರಲ್ಲಿ ಟೆಂಡರ್ ಕೂಗ್ತಾರನಾ?”

ಉತ್ತರ ಇರಲಿಲ್ಲ.

ಅಲ್ಲಿಂದ ಫೋನು ಶುರು. ಎತ್ತಿದವರಿಗೆಲ್ಲ ಮೊದಲು ಸ್ಟಿಕ್ಕರ್ ಓದಿ ಹೇಳುವುದು, ಆಮೇಲೆ ಪ್ರಶ್ನೆ. ಬೆಂಗಳೂರಿನ ಅಳಿಯ ವಿಂಡೋಸ್‌ನವನು, “ಎಕ್ಸ್64 ಹಾಕಿ” ಅಂದ. ಹುಬ್ಬಳ್ಳಿಯ ಹುಡುಗ “ಎಕ್ಸ್86_64” ಅಂದ. ಎರಡೂ ಎಎಂಡಿ64ರ ಹೆಸರುಗಳೇ. ಆದರೆ ಭಾವ ಮೂರನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ನನ್ನನ್ನು ಕಲಬೆರಕೆ ವ್ಯಾಪಾರಿಯ ಹಾಗೆ ನೋಡಿದರು. ಬಳಿಕ ಯಾವುದೋ ಹಳೇ ಕೈಪಿಡಿ ತೆರೆದು, “ಸಿಕ್ತು! ಐಎ64! ಐ ಅಂದ್ರೆ ಇಂಟೆಲ್!” ಅಂದರು. ಅದು ಇಟಾನಿಯಂ ಅನ್ನುವ, ಬೇರೆಯೇ ಜಾತಿಯ ದೊಡ್ಡ ಸರ್ವರ್ ಚಿಪ್ಪಿನದು. 2001ರಲ್ಲಿ ಬಂತು, 2021ಕ್ಕೆ ಸರಬರಾಜೂ ನಿಂತಿತು. ಇಂಟೆಲ್ ಹೆಸರಿರುವ ಫೈಲು ಇಂಟೆಲ್ ಲ್ಯಾಪ್‌ಟಾಪಿಗೆ ಆಗದು, ಎಎಂಡಿ ಹೆಸರಿನದು ಆಗುತ್ತದೆ. ಇದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಐ386 ಅಂತ ಇನ್ನೊಂದಿದೆ. 1985ರ ಚಿಪ್ಪಿನ ಹೆಸರು, ಆದರೆ ಡೆಬಿಯನ್ ಅನ್ನುವ ಲಿನಕ್ಸಿನ ಈಗಿನ ಐ386 ಆ ಚಿಪ್ಪಿನ ಮೇಲೇ ಓಡುವುದಿಲ್ಲ. ಅದನ್ನು ಭಾವನ ಕಣ್ಣಿಗೆ ಬೀಳದ ಹಾಗೆ ಮೇಲೆ ಸರಿಸಿಬಿಟ್ಟೆ.

ಕೊನೆಗೆ ಅತ್ತಿಗೆ ಭಾವನನ್ನು ತೋಟಕ್ಕೆ ಅಟ್ಟಿದರು. ಅಷ್ಟರಲ್ಲಿ ಎಎಂಡಿ64ನ್ನೇ ಹಾಕಿ ಮುಗಿಸಿದೆ, ಎಲ್ಲ ಸರಿಯಾಗಿ ಓಡಿತು. ಭಾವ ಕಾಲು ತೊಳೆದು ಬಂದವರೇ, “ಯಾವ್ದು ಹಾಕಿದೆ, ತೋರ್ಸು” ಅಂದರು. ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿ ತೆರೆದು, ಚಿಪ್ಪಿನ ಜಾತಿ ಕೇಳುವ ‘ಯುನೇಮ್ -ಎಂ’ ಅಂತ ಕೊಟ್ಟೆ. ಯಂತ್ರ ತನ್ನ ಜಾತಿ ಹೇಳಿಕೊಂಡಿತು: ಎಕ್ಸ್86_64.

ಭಾವ ಕ್ಯಾಲೆಂಡರ್ ತಂದು ಹೋಲಿಸಿ ನೋಡಿದರು. ಮುಖ ಅರಳಿತು.

“ನೋಡು, ಹುಬ್ಬಳ್ಳಿ ಮಾಣಿ ಹೇಳಿದ್ದೇ ಸರಿ. ಕಡೆಗೂ ಎಎಂಡಿ ಹಾಕಲಿಲ್ಲ ಅಲ್ವಾ, ಒಳ್ಳೇದಾಯ್ತು.”